ಗೀಟು, ಚುಕ್ಕಿ

ತೊಂಬತ್ತೇಳರ ಆಗಸ್ಟಿನಲ್ಲಿ
ದುರ್ಗದ ಸರ್ವೆ ಆಫೀಸಿನ ಹಿಂಬದಿ ಕೋಣೆಯಲ್ಲಿ ಕೂತು
ಜಿಲ್ಲೆಯೊಂದನ್ನು ಕತ್ತರಿಸಿದವಳು ನಾನು.
ಕತ್ತರಿ ಇರಲಿಲ್ಲ. ಒಂದು ನಿಬ್ಬು, ಒಂದು ಸೀಸೆ ಕಪ್ಪು ಶಾಯಿ,
ಬೆವರು ತಾಗದಿರಲೆಂದು ಮುಂಗೈಗೆ ಸುತ್ತಿದ ಹಳೇ ಕರ್ಚೀಫು.

ಫ್ಯಾನು ಹಾಕುವಂತಿಲ್ಲ, ಟ್ರೇಸಿಂಗ್ ಕಾಗದ ಹಾರುತ್ತದೆ.
ನಾಲ್ಕು ಮೂಲೆಗೆ ನಾಲ್ಕು ತೂಕ:
ಮೊಹರು, ಪಂಚಿಂಗ್ ಮಷೀನು, ಒಡೆದ ಗಡಿಗಲ್ಲಿನ ಚೂರು,
ಮತ್ತೆ ನನ್ನ ಊಟದ ಡಬ್ಬಿ.

ಜಿಲ್ಲೆಯ ಗಡಿಗೆ ಗೀಟು, ಚುಕ್ಕಿ, ಗೀಟು, ಚುಕ್ಕಿ.
ಊರಿನ ಗಡಿಗೆ ಬರೀ ಚುಕ್ಕಿ.
ರಾಜ್ಯದ ಗಡಿ ಮೊಳಕಾಲ್ಮುರಿನ ಆಚೆ, ಆ ಹಾಳೆ ನನ್ನದಲ್ಲ,
ವೀರಣ್ಣಾಚಾರರದು. ಅವರ ಕೈ ಕೊಂಚ ನಡುಗುತ್ತಿತ್ತು;
ಇವತ್ತು ಆಂಧ್ರಕ್ಕೆ ಎರಡು ಹೊಲ ಹೋದವು ಎಂದು
ಕಾಫಿ ಹೊತ್ತಿಗೆ ನಗುತ್ತಿದ್ದೆವು.

ಹರಿಹರ ಹೋಯಿತು. ಹೊಳೆಯೂ ಅದರ ಜೊತೆ.
ದಾವಣಗೆರೆ ಹೋಯಿತು, ಹತ್ತಿಮಿಲ್ಲಿನ ಚಿಮಣಿ ಸಮೇತ.
ಜಗಳೂರಿನ ಹತ್ತಿರ ನಿಬ್ಬು ತಡೆಯಿತು,
ತಂಗಿ ಗಿರಿಜವ್ವನನ್ನು ಕೊಟ್ಟ ತಾಲ್ಲೂಕು.
ಅವಳು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ಮೂರೂವರೆಗೆ
ಬೇರೆ ಜಿಲ್ಲೆಯವಳಾದಳು,
ಹಸಿ ಬಟ್ಟೆ ಹರವುತ್ತಲೋ, ಯಾರನ್ನೋ ಬೈಯುತ್ತಲೋ.

ಸ್ಕೇಲು ಒಂದಕ್ಕೆ ಐವತ್ತು ಸಾವಿರ.
ನನ್ನ ಗೆರೆ ಅರ್ಧ ಮಿಲಿಮೀಟರು.
ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಗುಣಿಸಿದೆ:
ನೆಲದ ಮೇಲೆ ಇಪ್ಪತ್ತೈದು ಮೀಟರು.
ಅಷ್ಟಗಲ ಭೂಮಿ ನನ್ನ ಶಾಯಿಯ ಕೆಳಗೆ
ಈಚೆಯದೂ ಅಲ್ಲ, ಆಚೆಯದೂ ಅಲ್ಲ.
ಸಾಹೇಬರನ್ನು ಕೇಳಿದೆ. ಗೆರೆಗೆ ಅಗಲವಿಲ್ಲ ಅಂದರು,
ಶಾಲೆಯಲ್ಲಿ ಜಾಮಿಟ್ರಿ ಓದಿಲ್ಲವೇನಮ್ಮ ಅಂದರು.

ಚೈನು ಎಳೆಯುವ ಪಾಲಯ್ಯನನ್ನು ಕೇಳಿದೆ.
"ಅಗಲ ಐತೆ" ಅಂದ.
ಬರೀ ಅನ್ನಲಿಲ್ಲ, ಬಾಂದು ನೋಡಲು ಹೊರಟ ಜೀಪಿನಲ್ಲಿ
ನನ್ನನ್ನೂ ಹತ್ತಿಸಿದ.

ಅಲ್ಲಿ, ನನ್ನ ಗೆರೆಯ ಒಳಗೆ,
ಒಂದು ಕಮರದ ಮರ, ಬುಡದಲ್ಲಿ ಯಾರೋ ಬಿಟ್ಟ ಎಡಗಾಲ ಮೆಟ್ಟು,
ಬಾದೆ ಹುಲ್ಲು, ತಂಗಡಿ ಹೂವು,
ರಾತ್ರಿ ಕುರಿ ತರುಬಿದ್ದವರ ಒಲೆಯ ಬೂದಿ, ಇನ್ನೂ ಬೆಚ್ಚಗೆ.
ಬಾಂದುಗಲ್ಲಿಗೆ ಯಾರೋ ಅರಿಸಿನ ಬಳಿದಿದ್ದರು,
ಎರಡೂ ಮಗ್ಗುಲಿಗೆ.

ಇನ್ನಷ್ಟು ದೂರ ನಡೆಸಿ, ಕುಕ್ಕರುಗಾಲಲ್ಲಿ ಕೂತು,
ಪಾಲಯ್ಯ ಹಿಕ್ಕೆಯ ಗುಡ್ಡೆಯೊಂದನ್ನು ತೋರಿಸಿದ.
"ಕೊಂಡುಕುರೀದು. ದಿನಾ ಇಲ್ಲೇ ಹಾಕ್ತೈತೆ.
ಇದು ಅದರ ಬಾಂದು, ಅಕ್ಕಾರೆ.
ನಾವು ನೆಟ್ಟಿದ್ದಕ್ಕಿಂತ ಹಳೇದು.
ಪಕ್ಕದ ಸೀಮೇದು ಬತ್ತೈತೆ, ಮೂಸ್ತೈತೆ, ಹಿಂದಕ್ಕೋಯ್ತೈತೆ.
ಅದಕ್ಕೆ ತಕರಾರು ಅರ್ಜಿ ಗೊತ್ತಿಲ್ಲ."

ನಕ್ಷೆ ಬಿಚ್ಚಿದೆ. ಓದು ಬಾರದ ಅವನ ಬೆರಳು
ಗೀಟಿಗೂ ಚುಕ್ಕಿಗೂ ನಡುವೆ ಹೋಗಿ ನಿಂತಿತು.
"ಇಲ್ಲಿ ಬಿಳೀದು ಬಿಟ್ಟೀರಲ್ಲ, ಇದೆಷ್ಟಗಲ?"
ಒಂದು ಮಿಲಿಮೀಟರು. ಅಂದರೆ ಐವತ್ತು ಮೀಟರು.
"ಸಾಕು ಬಿಡ್ರಿ. ಮಂದೆ ಹಾದುಹೋಗ್ತೈತೆ."

ಆಮೇಲೆ ಹರಪನಹಳ್ಳಿ ಈ ಕಡೆಯಿಂದ ಆ ಕಡೆಗೆ,
ಅಲ್ಲಿಂದ ಇನ್ನೊಂದು ಕಡೆಗೆ ಹೋಯಿತು.
ಆ ಹೊತ್ತಿಗೆ ನಾನು ರಿಟೈರು.
ಈಗೆಲ್ಲ ಕಂಪ್ಯೂಟರಂತೆ; ಎಷ್ಟು ಹಿಗ್ಗಿಸಿದರೂ
ಗೆರೆ ಮಾತ್ರ ಹಿಗ್ಗುವುದಿಲ್ಲವಂತೆ.
ಸಾಹೇಬರ ಮಾತು ಕೊನೆಗೂ ನಿಜವಾಯಿತು.

ನನ್ನ ಹಾಳೆ ಎಲ್ಲೋ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡಿದೆ.
ಬಲಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರ:
ಟ್ರೇಸ್ ಮಾಡಿದವರು, ಎಂ. ತಿಪ್ಪೀರಮ್ಮ.
ಅಂತಿಮ ಪ್ರತಿಯಲ್ಲಿ, ಆ ಕಮರದ ಮರದ ಹತ್ತಿರ,
ಗೀಟಿಗೂ ಚುಕ್ಕಿಗೂ ನಡುವೆ
ನಿಯಮಕ್ಕಿಂತ ಒಂದು ಕೂದಲೆಳೆ ಹೆಚ್ಚು ಬಿಳಿ ಬಿಟ್ಟಿದ್ದೇನೆ.
ಇಲ್ಲಿಯವರೆಗೆ ಯಾರೂ ಕಂಡುಹಿಡಿದಿಲ್ಲ.

ಗಿರಿಜವ್ವ ಬಂದಾಗ ಹೇಳಬೇಕು ಅಂದುಕೊಳ್ಳುತ್ತೇನೆ.
ಬಸ್ಸಿಳಿದು ಬಂದವಳು ಮೊದಲು
ಒಂದು ಚೊಂಬು ನೀರು ಕೇಳುತ್ತಾಳೆ.